ಅಸರ್ಟಿವ್ ಅಂದ್ರೆ ಜಗಳ ಆಡೋದಾ? ನಡತೆ ಬಣ್ಣಿಸುವ ಇಂಗ್ಲಿಷ್ ಪದಗಳನ್ನು ಬಿಡಿಸಿ ನೋಡೋಣ

ಏಪ್ರಿಲ್ ತಿಂಗಳ ಒಂದು ರಾತ್ರಿ ತಂಗಿಯ ಮಗ ಫೋನ್ ಮಾಡಿದ. ತಿಪಟೂರಿನ ಹುಡುಗ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಆಗಷ್ಟೇ ಒಂದು ವರ್ಷ ಆಗಿತ್ತು. ಮೊದಲ ಅಪ್ರೈಸಲ್ ಕೈಗೆ ಬಂದಿತ್ತು. ಕೆಲಸ ಚೆನ್ನಾಗಿದೆ ಅಂತ ನಾಲ್ಕು ಸಾಲು ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದರು: ಇನ್ನೂ ಅಸರ್ಟಿವ್ ಆಗಬೇಕು.

"ದೊಡ್ಡಮ್ಮಾ, ಅಸರ್ಟಿವ್ ಅಂದ್ರೆ ಜಗಳ ಆಡೋದಾ? ಡಿಕ್ಷನರಿ ನೋಡಿದೆ. ಪ್ರತಿಪಾದಿಸುವ ಅಂತಿದೆ. ನಾನು ಏನನ್ನ ಪ್ರತಿಪಾದಿಸ್ಲಿ?"

ಅವನು ಊಟ ಕೂಡ ಮಾಡಿರಲಿಲ್ಲ. ಒಂದೇ ಒಂದು ಪದ ಅವನ ಸಂಬಳಕ್ಕೂ ಮನಸ್ಸಿಗೂ ತಗುಲಿಕೊಂಡಿತ್ತು.

ಈ ತೊಂದರೆ ಅವನೊಬ್ಬನದಲ್ಲ. ಮಕ್ಕಳ ರಿಪೋರ್ಟ್ ಕಾರ್ಡ್, ಕೆಲಸದ ಇಂಟರ್‌ವ್ಯೂ, ಫಾರಿನ್ ಯೂನಿವರ್ಸಿಟಿಗೆ ಮೇಷ್ಟರು ಬರೆದುಕೊಡುವ ಪತ್ರ, ಮದುವೆ ಜಾಹೀರಾತು ಎಲ್ಲೆಡೆಯೂ ಮನುಷ್ಯರ ನಡತೆಯನ್ನು ಇಂಗ್ಲಿಷ್ ಪದಗಳಲ್ಲೇ ಅಳೆಯುತ್ತಾರೆ. ಡಿಕ್ಷನರಿ ಅರ್ಥ ಕೊಡುತ್ತದೆ. ಆದರೆ ಆ ಪದ ಹೊಗಳಿಕೆಯೋ ಬೈಗುಳವೋ, ಎಷ್ಟು ಖಾರ, ಎಷ್ಟು ಸಿಹಿ ಅನ್ನೋದು ಅಲ್ಲಿ ಸರಿಯಾಗಿ ಸಿಗುವುದಿಲ್ಲ. ಅದನ್ನು ಇಲ್ಲಿ ನಿಧಾನವಾಗಿ ನೋಡೋಣ.

## ಒಂದೇ ಪದದಲ್ಲಿ ಎರಡು ಮಾತು

ಮೊದಲು ಒಂದು ಬುನಾದಿ. ನಡತೆ ಹೇಳುವ ಪದದಲ್ಲಿ ಸಾಮಾನ್ಯವಾಗಿ ಎರಡು ಸಂಗತಿ ಬೆರೆತಿರುತ್ತವೆ. ಆ ಮನುಷ್ಯ ಏನು ಮಾಡಿದ ಅನ್ನೋದು ಒಂದು. ಹೇಳುವವರಿಗೆ ಅದು ಹಿಡಿಸಿತೋ ಇಲ್ಲವೋ ಅನ್ನೋದು ಇನ್ನೊಂದು.

ಒಬ್ಬರು ದುಡ್ಡನ್ನು ನೋಡಿಕೊಂಡು ಖರ್ಚು ಮಾಡುತ್ತಾರೆ ಅಂದುಕೊಳ್ಳಿ. ಹಿಡಿಸಿದರೆ ಥ್ರಿಫ್ಟಿ ಅನ್ನುತ್ತಾರೆ, ಹಿಡಿಸದಿದ್ದರೆ ಸ್ಟಿಂಜಿ. ನಮ್ಮಲ್ಲೂ ಹಾಗೇ ಅಲ್ವಾ? ಮನೆಯವರು ಮಾಡಿದರೆ ಹಿಡಿತದ ಕೈ, ಪಕ್ಕದ ಮನೆಯವರು ಮಾಡಿದರೆ ಜಿಪುಣತನ. ಎರಡೂ ಕಡೆ ಉಳಿದದ್ದು ಅದೇ ಹತ್ತು ರೂಪಾಯಿ.

ಇದನ್ನು ತುಂಬ ಚೆನ್ನಾಗಿ ತೋರಿಸಿದವರು ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್. 1948ರಲ್ಲಿ ಬಿಬಿಸಿ ರೇಡಿಯೊದಲ್ಲಿ ಮಾತಾಡುತ್ತಾ ಅವರು ಒಂದು ಉದಾಹರಣೆ ಕೊಟ್ಟರು. ನಾನು ಗಟ್ಟಿ ಮನಸ್ಸಿನವನು, ನೀನು ಹಠಮಾರಿ, ಅವನು ಹಂದಿತಲೆಯ ಮೂರ್ಖ. ಮೂವರೂ ಮಾಡಿದ್ದು ಒಂದೇ: ಹಿಡಿದದ್ದನ್ನು ಬಿಡಲಿಲ್ಲ. ತನ್ನ ಬಗ್ಗೆ ಹೇಳುವಾಗ ಒಳ್ಳೆಯ ಪದ, ಎದುರಿಗಿರುವವನಿಗೆ ಸ್ವಲ್ಪ ಕಹಿ ಪದ, ಇಲ್ಲಿ ಇಲ್ಲದವನಿಗೆ ಬೈಗುಳ. ಕನ್ನಡದಲ್ಲಿ ಇದನ್ನು ಇನ್ನೂ ಚಿಕ್ಕದಾಗಿ ಹೇಳಬಹುದು: ನನ್ನದು ಛಲ, ನಿನ್ನದು ಹಠ, ಅವನದು ಮೊಂಡುತನ.

ಇಂಥ ಜೋಡಿಗಳು ಇಂಗ್ಲಿಷ್‌ನಲ್ಲಿ ಬೇಕಾದಷ್ಟಿವೆ. ತಿಳಿದುಕೊಳ್ಳುವ ಆಸೆ ಇದ್ದವರು ಕ್ಯೂರಿಯಸ್, ಬೇರೆಯವರ ಮನೆ ವಿಷಯಕ್ಕೆ ಮೂಗು ತೂರಿಸಿದರೆ ನೋಸಿ. ತನ್ನ ಮೇಲೆ ನಂಬಿಕೆ ಇದ್ದವರು ಕಾನ್ಫಿಡೆಂಟ್, ಅದೇ ಜಾಸ್ತಿ ಆಗಿ ಬೇರೆಯವರನ್ನು ಕೀಳಾಗಿ ಕಂಡರೆ ಅರೊಗಂಟ್. ಮಗುವಿನಂಥ ಒಳ್ಳೆಯ ಮನಸ್ಸು ಚೈಲ್ಡ್‌ಲೈಕ್, ಮಗುವಿನಂಥ ರಚ್ಚೆ ಚೈಲ್ಡಿಶ್.

ಕೆಲವೊಮ್ಮೆ ಪದ ಬದಲಾಗುವುದು ನಡತೆಯಿಂದಲ್ಲ, ನಡೆದುಕೊಂಡವರು ಯಾರು ಅನ್ನೋದರಿಂದ. ಹತ್ತು ಜನರಿಗೆ ಕೆಲಸ ಹಂಚಿ ಮಾಡಿಸುವ ಹುಡುಗನಿಗೆ ಲೀಡರ್ ಗುಣ ಇದೆ ಅನ್ನುತ್ತಾರೆ. ಅದನ್ನೇ ಹುಡುಗಿ ಮಾಡಿದರೆ ಬಾಸಿ ಅನ್ನುವ ಪದ ಬೇಗ ಬರುತ್ತದೆ. ನಮ್ಮ ಕಡೆ ಬಾಯಿ ಬಿಟ್ಟು ಮಾತಾಡುವ ಹೆಣ್ಣುಮಗಳಿಗೆ ಬಜಾರಿ ಅನ್ನುವುದಿಲ್ಲವೇ, ಹಾಗೆ. ಮಗಳ ರಿಪೋರ್ಟ್ ಕಾರ್ಡಿನಲ್ಲಿ ಬಾಸಿ ಅಂತ ಕಂಡರೆ ಅವಳನ್ನು ಗದರಿಸುವ ಮುಂಚೆ ಇದನ್ನು ನೆನಪಿಡಿ.

## ಇಂಥ ಪದಗಳು ಎಷ್ಟಿವೆ?

ಇದನ್ನು ಕೂತು ಎಣಿಸಿದವರಿದ್ದಾರೆ. 1884ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದು ಸಮಾನಾರ್ಥಕ ಪದಕೋಶ ತಿರುವಿ ಹಾಕಿ, ಸ್ವಭಾವ ಹೇಳುವ ಪದಗಳು ಸಾವಿರ ಇರಬಹುದು ಅಂತ ಅಂದಾಜು ಮಾಡಿದರು. 1936ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ವೆಬ್‌ಸ್ಟರ್ಸ್ ಡಿಕ್ಷನರಿಯನ್ನು ಜಾಲಾಡಿ 17,953 ಪದ ಆರಿಸಿ ತೆಗೆದರು.

ಆಮೇಲೆ ಅವನ್ನು ನಾಲ್ಕು ಗುಂಪು ಮಾಡಿದರು. ಮನುಷ್ಯನಲ್ಲಿ ಬೇರೂರಿದ ಗುಣ ಹೇಳುವ ಪದಗಳು 4,504. ಆ ಹೊತ್ತಿನ ಮನಸ್ಥಿತಿ ಹೇಳುವವು 4,541. ಯಾವುದಕ್ಕೂ ಸರಿಯಾಗಿ ಸೇರದವು 3,682. ಎಲ್ಲಕ್ಕಿಂತ ದೊಡ್ಡ ಗುಂಪು ಯಾವುದು ಗೊತ್ತಾ? ಸುಮ್ನೆ ಒಳ್ಳೆಯವನು ಕೆಟ್ಟವನು ಅಂತ ತೀರ್ಪು ಕೊಡುವ ಪದಗಳು, 5,226. ಯೋಗ್ಯ, ಅಯೋಗ್ಯ ಅನ್ನುವ ಥರದವು. ಅವು ಆ ಮನುಷ್ಯನ ಬಗ್ಗೆ ಹೇಳುವುದಕ್ಕಿಂತ, ನೋಡಿದವರಿಗೆ ಏನನ್ನಿಸಿತು ಅಂತ ಹೇಳುವುದೇ ಜಾಸ್ತಿ.

ನನಗೆ ಈ ಲೆಕ್ಕ ತುಂಬ ಮುಖ್ಯ ಅನ್ನಿಸುತ್ತದೆ. ನಿಮ್ಮ ಬಗ್ಗೆ ಯಾರೋ ಬರೆದ ಪದ ಆ 5,226ರಲ್ಲಿ ಒಂದಾಗಿರಬಹುದು. ಅದನ್ನು ಓದಿ ನಿದ್ದೆ ಕೆಡಿಸಿಕೊಳ್ಳುವ ಮುಂಚೆ, ಈ ಪದ ನಾನು ಮಾಡಿದ್ದನ್ನು ಹೇಳುತ್ತಿದೆಯಾ ಅಥವಾ ಬರೆದವರ ಮನಸ್ಸನ್ನು ಹೇಳುತ್ತಿದೆಯಾ ಅಂತ ಕೇಳಿಕೊಳ್ಳಬಹುದು.

ಆ ಪಟ್ಟಿಯನ್ನು ಮುಂದಿನವರು ಅರೆದು ಸೋಸಿ ಸಣ್ಣದು ಮಾಡಿದರು. ಹಲವು ದಶಕಗಳ ಕೆಲಸದ ನಂತರ ಐದು ದೊಡ್ಡ ಗುಣಗಳು ಉಳಿದವು: ಹೊಸದಕ್ಕೆ ತೆರೆದ ಮನಸ್ಸು, ಕೆಲಸದಲ್ಲಿ ಅಚ್ಚುಕಟ್ಟು, ಜನರೊಂದಿಗೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಕಳವಳಗೊಳ್ಳುವುದು. ಇದನ್ನೇ ಬಿಗ್ ಫೈವ್ ಅನ್ನುತ್ತಾರೆ. ಕೆಲವು ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ಕೊಡುವ ಪರ್ಸನಾಲಿಟಿ ಟೆಸ್ಟ್‌ಗಳ ಹಿಂದೆ ಇರುವುದು ಇಂಥ ಲೆಕ್ಕಾಚಾರವೇ.

## ತಣ್ಣಗಿನ ಮಸಾಲೆ ದೋಸೆ ಮತ್ತು ನಾಲ್ಕು ಜನ

ಈಗ ನಮ್ಮ ಹುಡುಗನ ಪದಕ್ಕೆ ಬರೋಣ. ಅಸರ್ಟಿವ್ ಅನ್ನುವುದನ್ನು ಒಂಟಿಯಾಗಿ ನೋಡಿದರೆ ಅರ್ಥ ಆಗುವುದಿಲ್ಲ. ಅದರ ಪಕ್ಕ ಇನ್ನೂ ಮೂರು ಪದ ನಿಲ್ಲಿಸಬೇಕು.

ಹೋಟೆಲಿಗೆ ಹೋಗಿದ್ದೀರಿ. ಮಸಾಲೆ ದೋಸೆ ಬಂತು. ಮುಟ್ಟಿ ನೋಡಿದರೆ ತಣ್ಣಗಿದೆ. ಒಬ್ಬರು ಏನೂ ಹೇಳದೆ ನುಂಗಿಕೊಂಡು ತಿನ್ನುತ್ತಾರೆ. ಇದು ಪ್ಯಾಸಿವ್. ಇನ್ನೊಬ್ಬರು ತಟ್ಟೆ ತಳ್ಳಿ, ಸಪ್ಲೈಯರ್ ಮೇಲೆ ಎಲ್ಲರಿಗೂ ಕೇಳುವ ಹಾಗೆ ಕೂಗಾಡುತ್ತಾರೆ. ಇದು ಅಗ್ರೆಸಿವ್. ಮೂರನೆಯವರು ಚೆನ್ನಾಗಿದೆ ಅಂತ ನಗುತ್ತಾರೆ, ಆದರೆ ಬಿಲ್ಲಿನ ದುಡ್ಡನ್ನು ಮೇಜಿನ ಮೇಲೆ ಕುಕ್ಕಿ, ಮನೆಗೆ ಹೋಗಿ ಗೂಗಲ್‌ನಲ್ಲಿ ಒಂದೇ ಸ್ಟಾರ್ ಕೊಡುತ್ತಾರೆ. ಇದು ಪ್ಯಾಸಿವ್-ಅಗ್ರೆಸಿವ್. ನಾಲ್ಕನೆಯವರು ಸಪ್ಲೈಯರ್ ಕರೆದು, "ದೋಸೆ ತಣ್ಣಗಾಗಿದೆ, ಬಿಸಿಯದ್ದು ಕೊಡಿ" ಅನ್ನುತ್ತಾರೆ. ದನಿ ಏರಿಸುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಅಸರ್ಟಿವ್ ಅಂದರೆ ಇದೇ.

ಪ್ಯಾಸಿವ್ ಆದವರು ಎದುರಿನವರ ಅನುಕೂಲ ಮಾತ್ರ ನೋಡುತ್ತಾರೆ. ಅಗ್ರೆಸಿವ್ ಆದವರು ತಮ್ಮದು ಮಾತ್ರ ನೋಡುತ್ತಾರೆ. ಅಸರ್ಟಿವ್ ಆದವರು ತಮ್ಮ ಮಾತನ್ನೂ ಬಿಡುವುದಿಲ್ಲ, ಎದುರಿನವರ ಮರ್ಯಾದೆಯನ್ನೂ ತೆಗೆಯುವುದಿಲ್ಲ.

ಕನ್ನಡದಲ್ಲಿ ಅಸರ್ಟಿವ್‌ಗೆ ಒಂದೇ ಪದ ಹುಡುಕಿದರೆ ಸಿಗುವುದು ಕಷ್ಟ. ಅದಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮಾತ್ರ ನಮ್ಮಲ್ಲಿ ಬಹಳ ಒಳ್ಳೆಯ ಪದ ಇದೆ: ದಾಕ್ಷಿಣ್ಯ. ಇಲ್ಲ ಅನ್ನಲು ಬಾಯಿ ಬಾರದ ಸ್ಥಿತಿ. ಹೆದರಿಕೆಯಿಂದಲ್ಲ, ಎದುರಿನವರ ಮುಖ ನೋಡಿ. ಇಂಗ್ಲಿಷ್‌ನಲ್ಲಿ ದಾಕ್ಷಿಣ್ಯಕ್ಕೂ ಒಂದೇ ಪದ ಇಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅನ್ನುವ ಗಾದೆ ಕಟ್ಟಿದ ನಮ್ಮ ಹಿರಿಯರಿಗೆ ಈ ವಿಷಯ ಚೆನ್ನಾಗಿಯೇ ಗೊತ್ತಿತ್ತು.

ತೊಡಕು ಬರುವುದು ಎಲ್ಲಿ ಅಂದರೆ, ಹಿರಿಯರ ಮುಂದೆ ಎದುರಾಡದೆ ನಿಲ್ಲುವುದು ಮನೆಯಲ್ಲಿ ಒಳ್ಳೆಯ ಗುಣ. ಅದನ್ನೇ ಆಫೀಸಿನಲ್ಲಿ, ತನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮ್ಯಾನೇಜರ್ ಮುಂದೆ ಮಾಡಿದರೆ ಪ್ಯಾಸಿವ್. ಹುಡುಗ ಬದಲಾಗಿಲ್ಲ, ಕೋಣೆ ಬದಲಾಗಿದೆ.

ಪ್ಯಾಸಿವ್-ಅಗ್ರೆಸಿವ್ ಹುಟ್ಟಿದ್ದು ಸೈನ್ಯದಲ್ಲಿ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನೆಯ ಮನೋವೈದ್ಯ ವಿಲಿಯಂ ಮೆನಿಂಜರ್ ಒಂದು ವಿಷಯ ಗಮನಿಸಿದರು. ಕೆಲವು ಸೈನಿಕರು ಮೇಲಿನವರ ಆಜ್ಞೆಗೆ ಎದುರು ಹೇಳುತ್ತಿರಲಿಲ್ಲ. ಆದರೆ ಮುಖ ಊದಿಸಿಕೊಂಡಿರುತ್ತಿದ್ದರು, ಬೇಕೆಂದೇ ನಿಧಾನ ಮಾಡುತ್ತಿದ್ದರು, ಕೆಲಸ ಕೆಡಿಸುತ್ತಿದ್ದರು. 1945ರ ಸೇನಾ ದಾಖಲೆಯಲ್ಲಿ ಈ ಹೆಸರು ಬಂತು. 1952ರಲ್ಲಿ ಅಮೆರಿಕದ ಮನೋವೈದ್ಯರು ತಂದ ಕೈಪಿಡಿಯ ಮೊದಲ ಆವೃತ್ತಿಯಲ್ಲಿ ಅದು ಒಂದು ಕಾಯಿಲೆಯಾಗಿ ಸೇರಿತು. 1994ರಲ್ಲಿ ಮುಖ್ಯ ಪಟ್ಟಿಯಿಂದ ತೆಗೆದು ಅನುಬಂಧಕ್ಕೆ ಹಾಕಿದರು. ಅಷ್ಟರಲ್ಲಿ ಪದ ಜನರ ಬಾಯಿಗೆ ಬಂದಾಗಿತ್ತು.

ನಮ್ಮಲ್ಲಿ ಇದಕ್ಕೆ ಮುಸುಕಿನ ಗುದ್ದಾಟ ಅನ್ನುತ್ತೇವೆ. "ನಂಗೇನು ಬೇಜಾರಿಲ್ಲಪ್ಪ" ಅಂತ ಹೇಳಿ, ಅಡುಗೆಮನೆಯಲ್ಲಿ ಪಾತ್ರೆಗಳನ್ನು ದಡದಡ ಕುಕ್ಕುವುದನ್ನು ಕೇಳಿದವರಿಗೆ ಬೇರೆ ವಿವರಣೆ ಬೇಕಿಲ್ಲ.

## ನಯ, ಒರಟು, ಮೊಂಡು

ಪದಗಳ ಹುಟ್ಟು ಗೊತ್ತಾದರೆ ಅವು ನೆನಪಿನಲ್ಲಿ ನಿಲ್ಲುತ್ತವೆ. ಪೊಲೈಟ್ ಪದ ಬಂದದ್ದು ಪಾಲಿಶ್ ಮಾಡಿದ್ದು, ಉಜ್ಜಿ ನುಣುಪು ಮಾಡಿದ್ದು ಅನ್ನುವ ಲ್ಯಾಟಿನ್ ಮಾತಿನಿಂದ. ರೂಡ್ ಬಂದದ್ದು ಇನ್ನೂ ಕೆತ್ತದ, ಹದ ಮಾಡದ ಅನ್ನುವ ಲ್ಯಾಟಿನ್ ಮಾತಿನಿಂದ. ಕನ್ನಡ ನೋಡಿ: ನಯ ಅಂದರೆ ನುಣುಪು, ನಯವಾದ ಮಾತು ಅಂದರೆ ಸಭ್ಯ ಮಾತು. ಒರಟು ಅಂದರೆ ಕೈಗೆ ತರಿತರಿಯಾಗುವುದು, ಒರಟ ಅಂದರೆ ಸಭ್ಯತೆ ಇಲ್ಲದವನು. ಎಲ್ಲಿಯ ರೋಮ್, ಎಲ್ಲಿಯ ನಮ್ಮೂರು! ಎರಡು ಕಡೆಯ ಜನರೂ ಮರದ ಹಲಗೆಯ ಮೇಲೆ ಕೈಯಾಡಿಸಿ ಮನುಷ್ಯರ ಗುಣಕ್ಕೆ ಹೆಸರಿಟ್ಟಿದ್ದಾರೆ.

ಆದರೆ ಎಲ್ಲ ಕಡೆ ಹೀಗೆ ಹೊಂದುವುದಿಲ್ಲ. ಬ್ಲಂಟ್ ಅಂದರೆ ಮೊಂಡು, ಹರಿತವಿಲ್ಲದ ಚಾಕು. ಕನ್ನಡದಲ್ಲಿ ಮೊಂಡ ಅಂದರೆ ಹೇಳಿದ್ದು ಕೇಳದವನು. ಇಂಗ್ಲಿಷ್‌ನಲ್ಲಿ ಬ್ಲಂಟ್ ಅಂದರೆ ಸುತ್ತಿಬಳಸದೆ ನೇರವಾಗಿ ಹೇಳಿಬಿಡುವವನು. ಒಂದೇ ಚಾಕುವಿನಿಂದ ಎರಡು ಭಾಷೆಗಳು ಬೇರೆ ಬೇರೆ ಅರ್ಥ ತೆಗೆದವು. ನಿಮ್ಮನ್ನು ಬ್ಲಂಟ್ ಅಂದರೆ ಮೊಂಡ ಅಂದರು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಮಾತಿನ ರೀತಿಗೆ ಇರುವ ಐದು ಪದಗಳನ್ನು ನಮ್ಮ ನುಡಿಗಟ್ಟುಗಳ ಜೊತೆ ಇಟ್ಟರೆ ಸಲೀಸಾಗಿ ತಿಳಿಯುತ್ತದೆ. ಮನಸ್ಸಿನಲ್ಲಿದ್ದದ್ದನ್ನು ಬಿಚ್ಚಿ ಹೇಳಿದರೆ ಫ್ರ್ಯಾಂಕ್, ಇದು ಹೊಗಳಿಕೆಯೇ. ಕಡ್ಡಿ ಮುರಿದ ಹಾಗೆ ಹೇಳಿದರೆ ಬ್ಲಂಟ್, ಇದರಲ್ಲಿ ನಿಜವೂ ಇದೆ, ಸ್ವಲ್ಪ ನೋವೂ ಇದೆ. ಮುಖಕ್ಕೆ ಹೊಡೆದ ಹಾಗೆ ಹೇಳಿದರೆ ರೂಡ್. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರೆ ಟ್ಯಾಕ್ಟ್‌ಫುಲ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಎರಡು ಪಂಗಡದ ನಡುವೆ ನಿಭಾಯಿಸಿದರೆ ಡಿಪ್ಲೊಮ್ಯಾಟಿಕ್.

ಇನ್ನೊಂದು ಗುಂಪಿನ ಪದಗಳು ಆಕಾಶದಿಂದ ಇಳಿದವು. ಗುರು ಗ್ರಹಕ್ಕೆ ಜೋವ್ ಅಂತ ಹಳೆಯ ಹೆಸರು. ಆ ಗ್ರಹದಡಿ ಹುಟ್ಟಿದವರು ನಗುನಗುತ್ತಾ ಇರುತ್ತಾರೆ ಅಂತ ಯುರೋಪಿನ ಹಳೆಯ ಜ್ಯೋತಿಷ್ಯ ನಂಬಿತ್ತು. ಅದರಿಂದ ಜೋವಿಯಲ್. ಬುಧನಿಂದ ಮರ್ಕ್ಯುರಿಯಲ್, ಗಳಿಗೆಗೊಂದು ಬಣ್ಣ. ಶನಿಯಿಂದ ಸ್ಯಾಟರ್ನೈನ್, ಸದಾ ಮಂಕು ಕವಿದ ಮುಖ. ಬೆಳಗ್ಗೆ ಬೆಳಗ್ಗೆ ತಲೆ ತಿನ್ನುವವರನ್ನು ಶನಿ ಅಂತ ಬೈಯುವ ನಮಗೆ ಇದು ದೂರದ ಮಾತಲ್ಲ. ಗ್ರೀಕರ ಹಳೆಯ ವೈದ್ಯವೂ ಪದ ಕೊಟ್ಟಿದೆ. ದೇಹದಲ್ಲಿ ನಾಲ್ಕು ರಸ ಇವೆ, ಅವುಗಳ ಹೆಚ್ಚು ಕಮ್ಮಿಯೇ ಸ್ವಭಾವ ಅಂತ ಅವರು ತಿಳಿದಿದ್ದರು. ಪಿತ್ತದಿಂದ ಕೋಲೆರಿಕ್, ಸಿಡುಕ. ಕಫದಿಂದ ಫ್ಲೆಗ್ಮ್ಯಾಟಿಕ್, ಯಾವುದಕ್ಕೂ ಅಲುಗದವನು. ಪಿತ್ತ ನೆತ್ತಿಗೇರಿತು ಅನ್ನುವಾಗ ನಾವೂ ಅದೇ ದಾರಿಯಲ್ಲಿದ್ದೇವೆ.

## ಅರ್ಥ ಜಾರಿದ ಪದಗಳು

ಪದಗಳು ಒಂದೇ ಕಡೆ ನಿಲ್ಲುವುದಿಲ್ಲ. ನೈಸ್ ಪದದ ಮೂಲ ಏನೂ ತಿಳಿಯದವನು ಅನ್ನುವ ಲ್ಯಾಟಿನ್ ಮಾತು. ಸುಮಾರು 700 ವರ್ಷದ ಹಿಂದೆ ಇಂಗ್ಲಿಷ್‌ನಲ್ಲಿ ನೈಸ್ ಅಂದರೆ ದಡ್ಡ, ಈಗ ಒಳ್ಳೆಯವನು. ಸಿಲ್ಲಿ ಪದದ ದಾರಿ ಇದಕ್ಕೆ ತಿರುಗುಮುರುಗು. ಹಳೆಯ ಇಂಗ್ಲಿಷ್‌ನಲ್ಲಿ ಅದರ ಅರ್ಥ ಪುಣ್ಯವಂತ, ಸುಖಿ. ಆಮೇಲೆ ಪಾಪದವನು, ಅಮಾಯಕ ಅಂತಾಯಿತು. ಅಲ್ಲಿಂದ ಪೆದ್ದ. ಪಾಪದವನು ಅನ್ನುವಾಗ ನಮ್ಮ ದನಿಯಲ್ಲಿಯೂ ಪ್ರೀತಿ ಮತ್ತು ಪೆದ್ದುತನ ಎರಡೂ ಇರುತ್ತವೆ, ಗಮನಿಸಿದ್ದೀರಾ? ಬುಲ್ಲಿ ಅನ್ನುವುದು ಹದಿನಾರನೆಯ ಶತಮಾನದಲ್ಲಿ ಪ್ರೀತಿಯಿಂದ ಕರೆಯುವ ಪದವಾಗಿತ್ತು. ಈಗ ಅದು ಸ್ಕೂಲಿನಲ್ಲಿ ಚಿಕ್ಕ ಮಕ್ಕಳನ್ನು ಹೆದರಿಸಿ ಹಿಂಸೆ ಮಾಡುವವನ ಹೆಸರು.

ನಾವು ಭಾರತದಲ್ಲಿ ಬೇರೆ ಅರ್ಥ ಕೊಟ್ಟುಕೊಂಡ ಪದಗಳೂ ಇವೆ. ಎಚ್ಚರ ಇರಬೇಕಾದದ್ದು ಇಲ್ಲಿ. ನಮ್ಮ ಮದುವೆ ಜಾಹೀರಾತುಗಳಲ್ಲಿ ಹೋಮ್ಲಿ ಅಂದರೆ ಮನೆ, ಸಂಸಾರ ಅಂತ ಇರುವ ಹುಡುಗಿ. ಅಮೆರಿಕದಲ್ಲಿ ಹೋಮ್ಲಿ ಅಂದರೆ ನೋಡಲು ಚೆನ್ನಾಗಿಲ್ಲದವರು. ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಮ್ಮವರು ಸೊಸೆಯನ್ನು ಅಲ್ಲಿಯ ಗೆಳತಿಗೆ ಪರಿಚಯ ಮಾಡಿಸುವಾಗ ಈ ಪದ ಬಳಸಿದರೆ ಪಾಪ ಆ ಹುಡುಗಿಗೆ ನೋವಾಗುತ್ತದೆ.

ಸಿನ್ಸಿಯರ್ ಕೂಡ ಹಾಗೇ. ಸಿನ್ಸಿಯರ್ ಹುಡುಗ ಅಂದರೆ ನಮ್ಮಲ್ಲಿ ಹೋಮ್‌ವರ್ಕ್ ತಪ್ಪದೆ ಮಾಡುವವನು, ಡ್ಯೂಟಿಗೆ ಸರಿಯಾಗಿ ಬರುವವನು. ಇಂಗ್ಲೆಂಡ್, ಅಮೆರಿಕದ ಕಿವಿಗೆ ಸಿನ್ಸಿಯರ್ ಅಂದರೆ ನಾಟಕವಾಡದವನು, ಬಾಯಲ್ಲಿ ಹೇಳಿದ್ದೇ ಮನಸ್ಸಿನಲ್ಲೂ ಇರುವವನು. ಶ್ರದ್ಧೆಯಿಂದ ಕೆಲಸ ಮಾಡುವವನಿಗೆ ಅಲ್ಲಿ ಹಾರ್ಡ್‌ವರ್ಕಿಂಗ್ ಅಥವಾ ಕಾನ್ಶಿಯೆನ್ಷಿಯಸ್ ಅನ್ನುತ್ತಾರೆ. ಶಿಫಾರಸು ಪತ್ರ ಬರೆಯುವ ಮೇಷ್ಟರಿಗೆ ಇದು ತಿಳಿದಿದ್ದರೆ ವಿದ್ಯಾರ್ಥಿಗೆ ದೊಡ್ಡ ಉಪಕಾರ. ಇನ್ನೊಸೆಂಟ್ ಪದದಲ್ಲೂ ಜೋಪಾನ. ನಾವು ಮುಗ್ಧ ಅನ್ನುವ ಅರ್ಥದಲ್ಲಿ ಹೇಳುತ್ತೇವೆ, ಆ ಅರ್ಥ ಇಂಗ್ಲಿಷ್‌ನಲ್ಲೂ ಇದೆ. ಆದರೆ ಆಫೀಸು, ಪೊಲೀಸ್, ಕೋರ್ಟಿನ ಮಾತಿನಲ್ಲಿ ಅದು ತಪ್ಪು ಮಾಡಿಲ್ಲದವನು ಅಂತಲೇ ಕೇಳಿಸುತ್ತದೆ.

## ಈಗ ಎಲ್ಲರ ಬಾಯಲ್ಲೂ ಇರುವ ಪದಗಳು

ಟಾಕ್ಸಿಕ್ ಬಾಸ್, ಟಾಕ್ಸಿಕ್ ಅತ್ತೆ. ಆಕ್ಸ್‌ಫರ್ಡ್ ಡಿಕ್ಷನರಿಯವರು 2018ರಲ್ಲಿ ವರ್ಷದ ಪದ ಅಂತ ಆರಿಸಿದ್ದು ಇದನ್ನೇ. ಇದರ ಬೇರು ಗ್ರೀಕ್, ಬಾಣದ ತುದಿಗೆ ಸವರುವ ವಿಷ. ಸರಿಯಾಗಿ ಬಳಸಿದರೆ, ಹತ್ತಿರ ಇದ್ದವರನ್ನೆಲ್ಲ ದಿನದಿನವೂ ಕುಗ್ಗಿಸುವ ನಡತೆಗೆ ಈ ಪದ. ಒಂದು ದಿನ ರೇಗಿದವರು ಟಾಕ್ಸಿಕ್ ಅಲ್ಲ.

ಗ್ಯಾಸ್‌ಲೈಟಿಂಗ್ ಅನ್ನುವುದು 1938ರ ಒಂದು ಬ್ರಿಟಿಷ್ ನಾಟಕದಿಂದ ಬಂತು. ಅದರಲ್ಲಿ ಗಂಡ ಬೇರೆ ಕಡೆ ದೀಪ ಹಚ್ಚಿದಾಗ ಮನೆಯ ಗ್ಯಾಸ್ ದೀಪಗಳು ಮಂಕಾಗುತ್ತವೆ. ಹೆಂಡತಿ ಅದನ್ನು ನೋಡುತ್ತಾಳೆ. ಗಂಡ ಅವಳಿಗೆ ತಲೆ ಕೆಡುತ್ತಿದೆ ಅಂತ ಅವಳೇ ನಂಬುವ ಹಾಗೆ ಮಾಡಲು ನೋಡುತ್ತಾನೆ. ಹಾಗಾಗಿ ಇದು ಬರೀ ಸುಳ್ಳಲ್ಲ. ಎದುರಿನವರು ತಮ್ಮ ಕಣ್ಣು, ಕಿವಿ, ನೆನಪನ್ನೇ ನಂಬದ ಹಾಗೆ ಮಾಡುವುದು. ಅಭಿಪ್ರಾಯ ಬೇರೆ ಇದ್ದ ಮಾತ್ರಕ್ಕೆ ಗ್ಯಾಸ್‌ಲೈಟಿಂಗ್ ಅಂದರೆ, ನಿಜವಾಗಿ ಅದನ್ನು ಅನುಭವಿಸುತ್ತಿರುವವರ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

ಮಾತು ಕಡಿಮೆ ಇರುವ ಮಕ್ಕಳನ್ನು ಇಂಟ್ರೋವರ್ಟ್ ಅನ್ನುವುದೂ ಈಗ ಜಾಸ್ತಿ. ಅದು ಶೈ ಅನ್ನುವುದಕ್ಕಿಂತ ಬೇರೆ. ಶೈ ಆದ ಮಗುವಿಗೆ ಆಟಕ್ಕೆ ಸೇರಲು ಆಸೆ ಇರುತ್ತದೆ, ಸಂಕೋಚ ತಡೆಯುತ್ತದೆ. ಇಂಟ್ರೋವರ್ಟ್ ಮಗುವಿಗೆ ಒಂಟಿಯಾಗಿ ಆಡುವುದೇ ಇಷ್ಟ. ಮೊದಲನೆಯದಕ್ಕೆ ಧೈರ್ಯ ತುಂಬಬೇಕು. ಎರಡನೆಯದನ್ನು ಅದರ ಪಾಡಿಗೆ ಬಿಟ್ಟರೆ ಸಾಕು.

## ಒಂದು ಸಣ್ಣ ವ್ಯಾಕರಣ

ಕೊನೆಯದಾಗಿ, ಬಹಳ ಉಪಯೋಗದ ಒಂದು ವಿಷಯ. ಹಿ ಈಸ್ ರೂಡ್ ಅಂದರೆ ಅವನು ಒರಟ, ಅವನ ಸ್ವಭಾವವೇ ಹಾಗೆ. ಹಿ ಈಸ್ ಬೀಯಿಂಗ್ ರೂಡ್ ಅಂದರೆ ಅವನು ಈಗ ಒರಟಾಗಿ ಆಡುತ್ತಿದ್ದಾನೆ. ಬೀಯಿಂಗ್ ಸೇರಿದ ಕೂಡಲೇ ಮಾತು ಮನುಷ್ಯನನ್ನು ಬಿಟ್ಟು ಆ ಗಳಿಗೆಗೆ ಅಂಟುತ್ತದೆ. ಎತ್ತರ, ಕುಳ್ಳ ಅನ್ನುವ ಪದಗಳಿಗೆ ಹೀಗೆ ಬೀಯಿಂಗ್ ಸೇರಿಸುವುದಿಲ್ಲ. ಬದಲಾಯಿಸಿಕೊಳ್ಳಬಹುದಾದ ನಡತೆಗೆ ಮಾತ್ರ ಸೇರಿಸುತ್ತಾರೆ.

ಮಕ್ಕಳ ಹತ್ತಿರ ಮಾತಾಡುವಾಗ ಇದು ಕನ್ನಡದಲ್ಲೂ ಲೆಕ್ಕಕ್ಕೆ ಬರುತ್ತದೆ. "ನೀನು ಸೋಮಾರಿ" ಅನ್ನುವುದಕ್ಕೂ "ಇವತ್ತು ಸೋಮಾರಿತನ ಮಾಡ್ತಿದ್ದೀಯ" ಅನ್ನುವುದಕ್ಕೂ ಇರುವ ಅಂತರ ಎಂಟು ವರ್ಷದ ಮಗುವಿಗೂ ತಿಳಿಯುತ್ತದೆ.

ನಮ್ಮ ಹುಡುಗನಿಗೂ ನಾನು ಅದನ್ನೇ ಹೇಳಿದೆ. ಆ ಪದವನ್ನು ನಿನ್ನ ಮೇಲೆ ಹೊದ್ದುಕೊಂಡು ಕೂರಬೇಡ, ಯಾವ ಸಂದರ್ಭದಲ್ಲಿ ಹಾಗನ್ನಿಸಿತು ಅಂತ ಮ್ಯಾನೇಜರನ್ನು ಕೇಳು ಅಂದೆ. ಎರಡು ದಿನ ಬಿಟ್ಟು ಕೇಳಿದ. ಅವರು ಹಳೆಯ ಒಂದು ಮೀಟಿಂಗ್ ನೆನಪಿಸಿದರಂತೆ. ಏಳು ದಿನದ ಕೆಲಸವನ್ನು ಮೂರು ದಿನದಲ್ಲಿ ಕೊಡಿ ಅಂತ ಕ್ಲೈಂಟ್ ಕೇಳಿದ್ದರು. ಇವನು ಆಯ್ತು ಅಂದು, ಎರಡು ರಾತ್ರಿ ನಿದ್ದೆಗೆಟ್ಟು ಮುಗಿಸಿದ್ದ. "ಏಳು ದಿನ ಬೇಕು ಅಂತ ಆಗಲೇ ಹೇಳಬೇಕಿತ್ತು" ಅಂದರಂತೆ ಅವರು.

"ಅಷ್ಟೇನಾ ದೊಡ್ಡಮ್ಮಾ? ಬರೀ ದಾಕ್ಷಿಣ್ಯ!" ಅಂದ.

ಮುಂದಿನ ತಿಂಗಳು ಅಂಥದ್ದೇ ಕೆಲಸ ಬಂತು. ಏಳು ದಿನ ಬೇಕು ಅಂತ ಮೇಲ್ ಬರೆದು, ಕಳಿಸುವ ಮುಂಚೆ ನನಗೆ ಓದಿ ಹೇಳಿದ. ಸಾರಿ ಮೂರು ಕಡೆ ಇತ್ತು, ಪ್ಲೀಸ್ ಒಂದು ಕಡೆ. ಸಾರಿಗಳನ್ನೆಲ್ಲ ತೆಗಿ, ಪ್ಲೀಸ್ ಇರಲಿ ಅಂದೆ.